ಪರದೇಶದ ಮೊಬೈಲೂ ಊರಿನ ಟವರೂ: ಜಡೆ ಸೀಮೆಯನ್ನು ಕುರಿತು ಒಂದು ಪರಿಶೀಲನೆ

ಸೊರಬ ತಾಲ್ಲೂಕಿನ ಜಡೆಯೂ ನೆರೆಯ ಶಿಕಾರಿಪುರ ಸೀಮೆಯೂ ಇತಿಹಾಸದ ವಿದ್ಯಾರ್ಥಿಗೆ ಶಾಸನಗಳ ನಾಡೆಂದೇ ಪರಿಚಿತವಾದುವು. ಶಾಸನವೊಂದು ಕೈಗೆ ಬಂದಾಗ ಅದು ನೈಜವಾದುದೇ ಎಂಬುದು ಒಂದು ಪ್ರಶ್ನೆ. ಅದರ ಮಾತು ಈ ಸ್ಥಳಕ್ಕೂ ಈ ಕಾಲಕ್ಕೂ ಸಲ್ಲುತ್ತದೆಯೇ ಎಂಬುದು ಬೇರೊಂದು ಪ್ರಶ್ನೆ. ಇವೆರಡನ್ನು ಬೆರೆಸಲಾಗದೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಮಕ್ಕಳು ಪರದೇಶದಲ್ಲಿರುವ ಮನೆಗಳಿಗೆ ಅಲ್ಲಿಂದ ಬರುವ ಮೊಬೈಲು ದೂರವಾಣಿಯ ವಿಷಯದಲ್ಲಿಯೂ ಇದೇ ವಿವೇಕವು ಅವಶ್ಯವೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ‘ಇದು ನಮ್ಮೂರಿನಲ್ಲಿ ನಡೆದೀತೇ?’ ಎಂಬ ಪ್ರಶ್ನೆಗೆ ಉತ್ತರವು ಯಂತ್ರದ ಬೆಲೆಯಲ್ಲಿಲ್ಲ. ಎರಡು ದೇಶಗಳು ರೇಡಿಯೋ ತರಂಗಗಳನ್ನು ಹಂಚಿಕೊಂಡ ಚರಿತ್ರೆಯಲ್ಲಿದೆ.

ಈ ಜಿಲ್ಲೆಯವರಿಗೆ ಇಂತಹ ಅನುಭವವು ಹೊಸದೇನೂ ಅಲ್ಲ. ಶಿವಮೊಗ್ಗದಿಂದ ಸಾಗರದ ಮೇಲೆ ತಾಳಗುಪ್ಪಕ್ಕೆ ಹೋಗುವ ರೈಲುದಾರಿಯು ಮೊದಲು ಮೀಟರ್ ಗೇಜಿನದು. ಬೀರೂರು–ಶಿವಮೊಗ್ಗ ದಾರಿಯು ಬ್ರಾಡ್ ಗೇಜಿಗೆ ಬದಲಾದ ಮೇಲೆ ಈ ತುಂಡು ಒಂಟಿಯಾಗಿ ಉಳಿದು, ಅದರ ಮೇಲೆ ರೈಲ್ ಬಸ್ಸು ಓಡಾಡುತ್ತಿತ್ತು. ಬೆಂಗಳೂರಿನಿಂದ ಬಂದ ಗಾಡಿ ಮುಂದೆ ಹೋಗಲಾರದುದು ಅದರ ದೋಷದಿಂದಲ್ಲ; 1676 ಮಿಲಿಮೀಟರಿನ ಗಾಡಿಗೆ 1000 ಮಿಲಿಮೀಟರಿನ ಹಳಿ ಒಗ್ಗುವುದಿಲ್ಲ. ಮೊಬೈಲಿಗೆ ತರಂಗಪಟ್ಟಿಯೇ ಹಳಿ.

ಈ ಹಳಿಗಳು ಬೇರೆ ಬೇರೆಯಾದುದು ಹೇಗೆ? ಯುರೋಪಿನ ದೇಶಗಳು 1982ರಲ್ಲಿ ಒಂದು ಸಮಿತಿಯನ್ನು ರಚಿಸಿ, 1987ರಲ್ಲಿ 13 ದೇಶಗಳ ಒಡಂಬಡಿಕೆಯ ಮೂಲಕ ಜಿಎಸ್‌ಎಂ ಎಂಬ ಏಕರೀತಿಯ ವ್ಯವಸ್ಥೆಯನ್ನು ಅಂಗೀಕರಿಸಿದುವು. ಅದರ ಮೊದಲ ಕರೆಯು 1991ರ ಜುಲೈ 1ರಂದು ಫಿನ್ಲೆಂಡಿನಲ್ಲಿ ನಡೆಯಿತು. ಭಾರತವು ಆ ದಾರಿಯನ್ನೇ ಹಿಡಿಯಿತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖರಾಮ್ ಅವರೊಡನೆ ಮಾತನಾಡಿದುದು ದೇಶದ ಪ್ರಥಮ ಮೊಬೈಲು ಕರೆ. ಇಲ್ಲಿ 900 ಮೆಗಾಹರ್ಟ್ಸ್, ಅನಂತರ 1800 ಬಳಕೆಗೆ ಬಂದುವು. ಅಮೆರಿಕದಲ್ಲಾದರೋ 850 ಮತ್ತು 1900. ಆದುದರಿಂದ ಕೊಲ್ಲಿ ರಾಷ್ಟ್ರಗಳಿಂದಲೂ ಯುರೋಪಿನಿಂದಲೂ ಬಂದ ಜಿಎಸ್‌ಎಂ ಯಂತ್ರವು ಇಲ್ಲಿ ಸುಲಭವಾಗಿ ನಡೆಯಿತು. ತನ್ನ ದೇಶದ ಪಟ್ಟಿಗಳನ್ನು ಮಾತ್ರ ಬಲ್ಲ ಅಮೆರಿಕದ ಯಂತ್ರವು ಮೂಕವಾಯಿತು. ನಾಲ್ಕು ಪಟ್ಟಿಗಳನ್ನೂ ಅರಿತ ಯಂತ್ರಗಳು ಬಂದ ಮೇಲೆಯೇ ಈ ತೊಡಕು ತಗ್ಗಿತು.

ತಗ್ಗಿದ ತೊಡಕು ನಾಲ್ಕನೆಯ ತಲೆಮಾರಿನಲ್ಲಿ ಮರಳಿ ಬಂದಿತು. 2012ರಲ್ಲಿ ಬೆಂಗಳೂರಿನಲ್ಲಿ 4ಜಿ ಸೇವೆಯು 2300 ಮೆಗಾಹರ್ಟ್ಸಿನಲ್ಲಿ ಆರಂಭವಾಯಿತು. ಅದೇ ವರ್ಷ ಹೊರಬಂದ ಐಫೋನ್ 5ರ ಯಾವ ಮಾದರಿಯಲ್ಲಿಯೂ ಆ ಪಟ್ಟಿಯಿರಲಿಲ್ಲ. ಯಂತ್ರದ ಮೇಲೆ 4ಜಿ ಎಂದಿದ್ದರೂ ಆ ಸೇವೆಯು ಅದಕ್ಕೆ ದೊರೆಯುವಂತಿರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು 700 ಮೆಗಾಹರ್ಟ್ಸಿನ ಪ್ರಸಂಗ. ಶಕವರ್ಷಕ್ಕೂ ವಿಕ್ರಮವರ್ಷಕ್ಕೂ ಅಂಕಿಯೊಂದೇ ಆದರೂ ಕಾಲವು ಬೇರೆಯಾಗುವಂತೆ, 700 ಎಂಬ ಹೆಸರು ಎಲ್ಲ ದೇಶಗಳಲ್ಲಿಯೂ ಒಂದೇ ಅರ್ಥವನ್ನು ಕೊಡುವುದಿಲ್ಲ. ಭಾರತವು ಅನುಸರಿಸುವ 28ನೆಯ ಪಟ್ಟಿಯಲ್ಲಿ ಯಂತ್ರವು 703ರಿಂದ 748ರವರೆಗೆ ಕಳುಹಿಸಿ, 758ರಿಂದ 803ರವರೆಗೆ ಕೇಳುತ್ತದೆ. ಅಮೆರಿಕದ 13ನೆಯ ಪಟ್ಟಿಯಲ್ಲಿ ಕಳುಹಿಸುವುದು 777ರಿಂದ 787ರವರೆಗೆ, ಕೇಳುವುದು 746ರಿಂದ 756ರವರೆಗೆ. ಎಂದರೆ ಕ್ರಮವೇ ತಲೆಕೆಳಗಾಗಿದೆ. ಬಿಎಸ್‌ಎನ್‌ಎಲ್ ಸಂಸ್ಥೆಯ ಸ್ವದೇಶೀ 4ಜಿ ಜಾಲವು 2025ರ ಸೆಪ್ಟೆಂಬರ್ 27ರಂದು ಉದ್ಘಾಟಿತವಾಯಿತು. ಅದು 700 ಮತ್ತು 2100ನ್ನು ಬಳಸುತ್ತದೆ. ಕೆಳಪಟ್ಟಿಯ ತರಂಗಗಳು ದೂರ ಸಾಗಬಲ್ಲುವಾದುದರಿಂದ ಗುಡ್ಡ, ಕಾಡು, ಅಡಿಕೆತೋಟಗಳ ಸೀಮೆಗೆ ಅವೇ ಆಧಾರ. ನಗರದಲ್ಲಿ ಒಂದು ಪಟ್ಟಿ ತಪ್ಪಿದರೆ ಇನ್ನೊಂದು ದೊರೆಯುತ್ತದೆ, ಹಳ್ಳಿಯಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ನಡೆದ ಯಂತ್ರವು ಜಡೆಯ ಕಡೆ ನಡೆಯದಿರುವುದು ಅಸಂಭವವೇನಲ್ಲ.

ಪಟ್ಟಿಯು ಹೊಂದಿದ ಮಾತ್ರಕ್ಕೆ ಪರೀಕ್ಷೆ ಮುಗಿಯದು. 2016ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕ ಸೇವೆಯನ್ನು ತೊಡಗಿದ ಜಿಯೋ ಸಂಸ್ಥೆಗೆ 2ಜಿ, 3ಜಿ ಜಾಲಗಳೇ ಇಲ್ಲ. ಅದರಲ್ಲಿ ಮಾತು ಕೂಡ ವೋಲ್ಟೆ ಎಂಬ ಕ್ರಮದಿಂದ 4ಜಿಯ ಮೇಲೆಯೇ ಹೋಗಬೇಕು. ಆ ಕ್ರಮವು ಇಲ್ಲಿಯ ಜಾಲಕ್ಕೆ ಹೊಂದದ ಯಂತ್ರದಲ್ಲಿ ಚಿತ್ರಗಳು ಬಂದಾವು, ಕರೆ ಮಾತ್ರ ಬಾರದು. ಕಂತಿನ ಮೇಲೆ ಕೊಂಡ ಯಂತ್ರವನ್ನು ಮಾರಿದ ಸಂಸ್ಥೆಯು ತನ್ನ ಸಿಮ್ಮಿಗೇ ಬೀಗಹಾಕಿ ಕೊಡುವುದೂ ಉಂಟು. 2022ರ ಐಫೋನ್ 14ರಿಂದೀಚೆಗೆ ಅಮೆರಿಕದ ಮಾದರಿಗಳಲ್ಲಿ ಸಿಮ್ ಇಡುವ ಜಾಗವೇ ಇಲ್ಲ; ಅವಕ್ಕೆ ಇ-ಸಿಮ್ ಬೇಕು.

ಹೀಗಿರಲು ಪರೀಕ್ಷೆಯ ಕ್ರಮವು ಈ ಕೆಳಗಿನಂತಿರಬೇಕು. ಮೊದಲನೆಯದು ನೈಜತೆ. ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಎಂದು ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ತೋರುತ್ತದೆ. ಸಿಂಧುವಾದ ಸಂಖ್ಯೆಯಿಲ್ಲದ ಯಂತ್ರಗಳಿಗೆ ಭಾರತದ ಜಾಲಗಳು 2009ರ ಡಿಸೆಂಬರಿನಿಂದ ಪ್ರವೇಶವನ್ನು ನಿಷೇಧಿಸಿವೆ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ ಆ ಸಂಖ್ಯೆಯನ್ನು ಬರೆದು 14422ಕ್ಕೆ ಸಂದೇಶ ಕಳುಹಿಸಿದರೆ ಅದರ ಸಿಂಧುತ್ವವು ತಿಳಿಯುತ್ತದೆ. ಆದರೆ ಈ ಸಾಕ್ಷ್ಯವು ಅಷ್ಟಕ್ಕೇ ಸೀಮಿತ. ಪಟ್ಟಿಗಳ ವಿಷಯದಲ್ಲಿ ಅದು ಏನನ್ನೂ ಹೇಳದು. ಎರಡನೆಯದು, ಮಾರಾಟದ ಹೆಸರನ್ನು ನಂಬದೆ ಮಾದರಿಸಂಖ್ಯೆಯನ್ನು ನೋಡಿ, ತಯಾರಕರ ಪಟ್ಟಿವಿವರವನ್ನು ಓದುವುದು. ಒಂದೇ ಹೆಸರಿನ ಯಂತ್ರಕ್ಕೆ ದೇಶಕ್ಕೊಂದು ಮಾದರಿಯಿರುತ್ತದೆ. ಮೂರನೆಯದು, ಮನೆಯ ಜಗಲಿಯಲ್ಲಿ ಯಾವ ಸಂಸ್ಥೆಯ ಸಂಕೇತವು ದೊರೆಯುತ್ತದೆಂದು ನೆರೆಹೊರೆಯವರಿಂದ ತಿಳಿದು, ಅದರ ಪಟ್ಟಿಗಳೊಡನೆ ಹೋಲಿಸುವುದು. ನಾಲ್ಕನೆಯದು, ಬೀಗ ತೆರೆದಿದೆಯೇ, ಯಾವ ಬಗೆಯ ಸಿಮ್ಮು ಬೇಕು, ವೋಲ್ಟೆ ಸಲ್ಲುತ್ತದೆಯೇ ಎಂಬುದನ್ನು ನೋಡುವುದು. ಈ ವಿಚಾರಣೆಗಳನ್ನು ಕೊಳ್ಳುವ ಮೊದಲೇ ಮಾಡತಕ್ಕದ್ದು. ಹಿಂದಿರುಗಿಸಲು ಅಂಗಡಿಯು ಸಮುದ್ರದಾಚೆ ಇರುತ್ತದೆ.

ಇತ್ತೀಚಿನ ದುಬಾರಿ ಯಂತ್ರಗಳಲ್ಲಿ ಬಹುಮಟ್ಟಿಗೆ ಎಲ್ಲ ಪಟ್ಟಿಗಳೂ ಸೇರಿರುವುವೆಂಬುದು ನಿಜ. ಆದರೆ ಊರಿನಲ್ಲಿ ಉಳಿದ ತಂದೆತಾಯಿಗಳಿಗೆಂದು ಬರುವುದು ಅನೇಕ ವೇಳೆ ಮಕ್ಕಳು ಬಳಸಿಬಿಟ್ಟ ಹಳೆಯ ಯಂತ್ರ, ಇಲ್ಲವೆ ಅಲ್ಲಿಯ ಬಳಕೆಗೆಂದೇ ಮಾಡಿದ ಅಗ್ಗದ ಮಾದರಿ. ಮಳೆಗಾಲದ ರಾತ್ರಿಯಲ್ಲಿ ವೃದ್ಧರೊಬ್ಬರು 108ಕ್ಕೆ ಕರೆ ಮಾಡಬೇಕಾದಾಗ ಒದಗಬೇಕಾದುದು ಅದೇ ಯಂತ್ರ. ಸ್ವದೇಶವೆಂಬುದು ಭೂಪಟದಲ್ಲಿ ಒಂದೇ ಆಗಿದ್ದರೂ, ಮೊಬೈಲಿನ ಪಾಲಿಗೆ ಅದು ಮನೆಗೆ ಸಮೀಪದ ಟವರು ಮಾತ್ರ. ಪರೀಕ್ಷೆಯು ಅಲ್ಲಿಂದ ತೊಡಗಬೇಕು.