ನಾಲ್ಕು ದಿನ ಬಾಕಿ ಇದ್ದಾಗ ಬಂದ ಪತ್ರ

1924ರ ಅಕ್ಟೋಬರ್ 25, ಶನಿವಾರ. ಬ್ರಿಟನ್ನಿನಲ್ಲಿ ಮತದಾನಕ್ಕೆ ಬಾಕಿ ಇದ್ದದ್ದು ನಾಲ್ಕೇ ದಿನ. ಅವತ್ತು ಬೆಳಗ್ಗೆ 'ಡೈಲಿ ಮೇಲ್' ಪತ್ರಿಕೆ ಕೈಗೆತ್ತಿಕೊಂಡವರ ಎದೆ ಧಸಕ್ ಅಂದಿರಬೇಕು. ಸಮಾಜವಾದಿಗಳ ಯಜಮಾನರು ಅಂತರ್ಯುದ್ಧಕ್ಕೆ ಸಂಚು ಹೂಡಿದ್ದಾರೆ, ನಮ್ಮ ದೇಶದ ಕೆಂಪು ಬಾವುಟದವರಿಗೆ ಮಾಸ್ಕೋದಿಂದ ಆದೇಶ ಬಂದಿದೆ ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ಆಧಾರ ಏನು? ಒಂದು ಪತ್ರ. ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಮುಖ್ಯಸ್ಥ ಗ್ರಿಗೊರಿ ಜಿನೋವಿಯೆವ್ ಬ್ರಿಟಿಷ್ ಕಮ್ಯುನಿಸ್ಟರಿಗೆ ಬರೆದದ್ದು ಎನ್ನಲಾದ ಪತ್ರ. ಕಾರ್ಮಿಕರನ್ನು ಎಬ್ಬಿಸಿ, ಸೈನ್ಯದೊಳಗೆ ನಮ್ಮವರನ್ನು ಬೆಳೆಸಿ ಅನ್ನೋದು ಅದರ ಸಾರ.

ಆಗ ಪ್ರಧಾನಿಯಾಗಿದ್ದವರು ರಾಮ್ಸೆ ಮ್ಯಾಕ್‌ಡೊನಾಲ್ಡ್. ಲೇಬರ್ ಪಕ್ಷದ ಮೊಟ್ಟಮೊದಲ ಪ್ರಧಾನಿ. ಬಹುಮತವಿಲ್ಲದ ಸರ್ಕಾರ. ಅವರು ಸೋವಿಯತ್ ರಷ್ಯಾಕ್ಕೆ ಮಾನ್ಯತೆ ಕೊಟ್ಟಿದ್ದರು, ಒಪ್ಪಂದ ಮಾಡಿಕೊಂಡಿದ್ದರು. ಸಂಪ್ರದಾಯವಾದಿ ಪತ್ರಿಕೆಗಳಿಗೆ ಅಷ್ಟು ಸಾಕಾಗಿತ್ತು.

ಈಗ ನೋಡಿ ತಮಾಷೆ. ನಮ್ಮನ್ನೂ ಸೇರಿಸಿಕೊಳ್ಳಿ ಅಂತ ಕಮ್ಯುನಿಸ್ಟರು ಕೇಳಿದಾಗ ಲೇಬರ್ ಪಕ್ಷ ಬಾಗಿಲು ಹಾಕಿತ್ತು. ಆ ಪತ್ರ ಅಚ್ಚಾಗುವ ಕೆಲವೇ ವಾರ ಮುಂಚೆ ನಡೆದ ಸಮ್ಮೇಳನದಲ್ಲೂ ಅದೇ ಉತ್ತರ. ಒಬ್ಬರು ಸಂಸತ್ತಿನ ಮೂಲಕ ನಿಧಾನವಾಗಿ ಬದಲಾವಣೆ ತರೋಣ ಅನ್ನುವವರು. ಇನ್ನೊಬ್ಬರು ಕ್ರಾಂತಿಯೇ ಆಗಬೇಕು ಅನ್ನುವವರು. ಆದರೆ ಶೀರ್ಷಿಕೆಯಲ್ಲಿ ಇಬ್ಬರೂ ಒಂದೇ ಗಂಟಿಗೆ ಬಿದ್ದರು.

ನಾನು ಇಂಜಿನಿಯರಿಂಗ್ ಓದಿದವನು. ಸಿಗ್ನಲ್ ಜೊತೆ ನಾಯ್ಸ್ ಬೆರೆತರೆ ಫಿಲ್ಟರ್ ಹಾಕಬೇಕು ಅಂತ ನಮಗೆ ಹೇಳಿಕೊಡ್ತಾರೆ. ಇಲ್ಲಿ ಫಿಲ್ಟರ್ ಇರಬೇಕಾದ ಜಾಗದಲ್ಲಿ ಆಂಪ್ಲಿಫೈಯರ್ ಕೂತಿತ್ತು.

ಹಾಗಂತ ಭಯವೆಲ್ಲ ಕಟ್ಟುಕಥೆ ಅನ್ನೋಕಾಗಲ್ಲ. ಜಗತ್ತಿನಾದ್ಯಂತ ಕ್ರಾಂತಿ ಆಗಬೇಕು ಅಂತ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಬಹಿರಂಗವಾಗಿಯೇ ಹೇಳುತ್ತಿತ್ತು. ಅದಕ್ಕೇ ಈ ಪತ್ರವನ್ನು ಜನ ನಂಬಿದರು. ನಿಜದ ಪಕ್ಕದಲ್ಲಿ ಕೂತ ಸುಳ್ಳಿಗೇ ಬೆಲೆ ಜಾಸ್ತಿ.

ಮ್ಯಾಕ್‌ಡೊನಾಲ್ಡ್ ಚುನಾವಣಾ ಪ್ರವಾಸದಲ್ಲಿದ್ದರು. ಪತ್ರ ಅಸಲಿಯೋ ನಕಲಿಯೋ ಮೊದಲು ಖಚಿತ ಮಾಡಿಕೊಳ್ಳಿ ಅಂದಿದ್ದರು. ಅಷ್ಟರಲ್ಲಿ ಪತ್ರಿಕೆಯ ಕೈಗೆ ಪ್ರತಿ ಸಿಕ್ಕಿದೆ ಅಂತ ಗೊತ್ತಾಗಿ, ಪ್ರಧಾನಿಯ ಅಂತಿಮ ಒಪ್ಪಿಗೆಗೂ ಕಾಯದೆ ವಿದೇಶಾಂಗ ಕಚೇರಿ ಪ್ರತಿಭಟನಾ ಪತ್ರವನ್ನು ಬಿಡುಗಡೆ ಮಾಡಿಬಿಟ್ಟಿತು. ಸರ್ಕಾರವೇ ಪ್ರತಿಭಟಿಸಿದೆ ಅಂದಮೇಲೆ ಪತ್ರ ಅಸಲಿಯೇ ಇರಬೇಕು ಅಂತ ಜನ ತೀರ್ಮಾನಿಸಿದರು. ಖಚಿತ ಮಾಡಿಕೊಳ್ಳಿ ಅಂದವನೇ ಮುಚ್ಚಿಟ್ಟವನಾದ!

29ರಂದು ಮತದಾನ. ಕನ್ಸರ್ವೇಟಿವ್ ಪಕ್ಷಕ್ಕೆ 400ಕ್ಕೂ ಹೆಚ್ಚು ಸ್ಥಾನ. ಲೇಬರ್ 191ರಿಂದ 151ಕ್ಕೆ ಇಳಿಯಿತು. ಪತ್ರವೇ ಸೋಲಿಸಿತು ಅಂತ ಹೇಳೋದು ಸುಲಭ. ಆದರೆ ಲೇಬರ್‌ಗೆ ಬಿದ್ದ ಮತಗಳು ಸುಮಾರು 10 ಲಕ್ಷ ಹೆಚ್ಚಾಗಿದ್ದವು! ನಿಜವಾಗಿ ನೆಲಕಚ್ಚಿದ್ದು ಮಧ್ಯದಲ್ಲಿದ್ದ ಲಿಬರಲ್ ಪಕ್ಷ. 150ಕ್ಕೂ ಹೆಚ್ಚು ಸ್ಥಾನ ಇದ್ದದ್ದು 40ಕ್ಕೆ ಬಂತು. ಭಯ ಹುಟ್ಟಿಸುವ ರಾಜಕೀಯದಲ್ಲಿ ಮೊದಲು ಖಾಲಿಯಾಗೋದು ನಡುವಿನ ಜಾಗ.

ಈಗ ನಮ್ಮ ದೇಶಕ್ಕೆ ಬನ್ನಿ. ಮಾಸ್ಕೋದ ಕೈಗೊಂಬೆ ಅನ್ನಿಸಿಕೊಂಡ ಇದೇ ಸರ್ಕಾರದ ಅವಧಿಯಲ್ಲಿ, 1924ರ ಮೇ ತಿಂಗಳಲ್ಲಿ, ಕಾನ್ಪುರ ಬೋಲ್ಶೆವಿಕ್ ಸಂಚು ಪ್ರಕರಣದಲ್ಲಿ ಡಾಂಗೆ, ಮುಜಫ್ಫರ್ ಅಹಮದ್ ಸೇರಿ ನಾಲ್ವರಿಗೆ ತಲಾ 4 ವರ್ಷ ಜೈಲಾಯಿತು. ಅಷ್ಟೇ ಅಲ್ಲ. 'ಡೈಲಿ ಮೇಲ್' ಆ ಶೀರ್ಷಿಕೆ ಹಾಕಿದ ಅದೇ ಅಕ್ಟೋಬರ್ 25ರಂದು ಕಲ್ಕತ್ತಾದಲ್ಲಿ ಸುಭಾಷ್‌ಚಂದ್ರ ಬೋಸರನ್ನು ಬ್ರಿಟಿಷ್ ಪೊಲೀಸರು ಬಂಧಿಸಿದರು. ಲಂಡನ್ನಿನ ಪತ್ರಿಕೆಗೆ ಕ್ರಾಂತಿಕಾರಿಯಂತೆ ಕಂಡ ಸರ್ಕಾರ, ಬಂಗಾಳದಲ್ಲಿ ಥೇಟ್ ಹಳೇ ಸಾಮ್ರಾಜ್ಯದಂತೆಯೇ ನಡೆದುಕೊಂಡಿತ್ತು.

ಸತ್ಯ ಯಾವಾಗ ಬಂತು? 1999ರಲ್ಲಿ. ವಿದೇಶಾಂಗ ಕಚೇರಿಯ ಮುಖ್ಯ ಇತಿಹಾಸಕಾರ್ತಿ ಗಿಲ್ ಬೆನೆಟ್ ಕಡತಗಳನ್ನೆಲ್ಲ ಜಾಲಾಡಿ ವರದಿ ಕೊಟ್ಟರು. ಪತ್ರ ಬಹುತೇಕ ಖಚಿತವಾಗಿ ನಕಲಿ. ಬೋಲ್ಶೆವಿಕರ ವಿರೋಧಿಗಳಾಗಿದ್ದ ರಷ್ಯನ್ನರು ಅದನ್ನು ತಯಾರಿಸಿರಬಹುದು, ಬ್ರಿಟಿಷ್ ಗುಪ್ತಚರರ ಕಡೆಯಿಂದಲೇ ಅದು ಸೋರಿರಬಹುದು ಅನ್ನೋದು ಅವರ ನಿಲುವು. ಸುಳ್ಳಿಗೆ ಬೇಕಾದದ್ದು ಒಂದು ಬೆಳಗ್ಗೆ. ತಿದ್ದುಪಡಿಗೆ 75 ವರ್ಷ.

ಇನ್ನು ಮ್ಯಾಕ್‌ಡೊನಾಲ್ಡ್? 1931ರಲ್ಲಿ ಅವರು ಕನ್ಸರ್ವೇಟಿವ್ ಪಕ್ಷದ ಜೊತೆಗೇ ಸೇರಿ ಸರ್ಕಾರ ಮಾಡಿದರು. ಲೇಬರ್ ಪಕ್ಷ ಅವರನ್ನು ಹೊರಹಾಕಿತು. ಕೆಂಪು ಹಣೆಪಟ್ಟಿ ಹೊತ್ತಿದ್ದ ಮನುಷ್ಯನ ಅಸಲಿ ಬಣ್ಣ ಇದು.

ಎಡಪಂಥವನ್ನು ಟೀಕಿಸಿ. ಖಂಡಿತ ಟೀಕಿಸಬೇಕು. ಸ್ಟುಡಿಯೋದಲ್ಲಿ ನಾನೂ ಟೀಕಿಸಿದ್ದೇನೆ, ಟೀಕಿಸುತ್ತೇನೆ. ಆದರೆ ಆ ಮನುಷ್ಯ ನಿಜವಾಗಿ ಏನು ಹೇಳಿದ ಅನ್ನೋದನ್ನು ಮೊದಲು ಓದಬೇಕಲ್ವಾ? ಚುನಾವಣೆಗೆ ನಾಲ್ಕು ದಿನ ಇರುವಾಗ ನಿಮ್ಮ ಮೊಬೈಲಿಗೆ ಒಂದು ಪತ್ರ ಬಂದರೆ ಒಂದೇ ಪ್ರಶ್ನೆ ಕೇಳಿ: ಮೂಲಪ್ರತಿ ಎಲ್ಲಿದೆ?

ಜಿನೋವಿಯೆವ್ ಹೆಸರಿನ ಆ ಪತ್ರದ ಮೂಲಪ್ರತಿ ಇವತ್ತಿಗೂ ಸಿಕ್ಕಿಲ್ಲ.