ಶೇ. 87ರ ಗೆಲುವು ಶೇ. 44 ಆಗೋದು ಹೇಗೆ?

ಮತಗಳ ಶೇಕಡಾವಾರು ಲೆಕ್ಕ ಈಗ ಹೆಚ್ಚಾಗಿ ಡೇಟಾಬೇಸ್ ಕ್ವೆರಿಯೊಳಗೇ ಆಗುತ್ತೆ. ಅಲ್ಲಿ ಟೇಬಲ್ ಜೋಡಿಸೋದು ತಪ್ಪಿದರೆ ಎರರ್ ಬರಲ್ಲ. ನಂಬುವಂಥ ಸುಳ್ಳು ಅಂಕಿ ಬರುತ್ತೆ, ಅದೇ ಹೆಡ್‌ಲೈನ್ ಆಗುತ್ತೆ.

2023ರ ವಿಧಾನಸಭಾ ಚುನಾವಣೆಯನ್ನೇ ತಗೊಳ್ಳಿ. ಲೆಕ್ಕ ಸರಳವಾಗಿರಲಿ ಅಂತ ಮೊದಲ ಇಬ್ಬರ ಮತ ಮಾತ್ರ ಇಲ್ಲಿದೆ. ಪಾಲು ಅಂದರೆ ಇಬ್ಬರ ಒಟ್ಟು ಮತದಲ್ಲಿ ಗೆದ್ದವರದ್ದು.

- ಮಾಗಡಿ (182): 94,650 ಮತ್ತು 82,811; ಪಾಲು ಶೇ. 53.34
- ರಾಮನಗರ (183): 87,690 ಮತ್ತು 76,975, ಶೇ. 53.25
- ಕನಕಪುರ (184): 1,43,023 ಮತ್ತು 20,631, ಶೇ. 87.39
- ಚನ್ನಪಟ್ಟಣ (185): 96,592 ಮತ್ತು 80,677, ಶೇ. 54.49

ಉಬ್ಬುವ ಛೇದ

ಕ್ಷೇತ್ರಗಳ ಟೇಬಲ್‌ನಲ್ಲಿ ಕ್ಷೇತ್ರಕ್ಕೊಂದು ಸಾಲು, ಅದರಲ್ಲಿ ಇಬ್ಬರ ಒಟ್ಟು ಮತ. ಅಭ್ಯರ್ಥಿಗಳ ಟೇಬಲ್‌ನಲ್ಲಿ ಕ್ಷೇತ್ರಕ್ಕೆರಡು ಸಾಲು. ಜಾಯಿನ್ ಮಾಡಿದ ಕೂಡಲೇ ಕನಕಪುರದ ಒಟ್ಟು 1,63,654 ಡಿ.ಕೆ. ಶಿವಕುಮಾರ್ ಸಾಲಿನಲ್ಲೂ ಬರುತ್ತೆ, ಜೆಡಿಎಸ್ ಅಭ್ಯರ್ಥಿಯ ಸಾಲಿನಲ್ಲೂ ಬರುತ್ತೆ. ಗ್ರೂಪ್ ಬೈ ಹಾಕಿ ಆ ಒಟ್ಟನ್ನು ಸಮ್ ಮಾಡಿದರೆ ಛೇದ 3,27,308. ಗೆದ್ದವರ ಪಾಲು ಶೇ. 43.70ಕ್ಕೆ ಕುಸಿಯುತ್ತೆ. ಹದಿನೈದು ಅಭ್ಯರ್ಥಿಗಳಿದ್ದರೆ ಛೇದ ಹದಿನೈದು ಪಟ್ಟು.

ಪರಿಹಾರ: ಮೊದಲು ಕೂಡಿ, ಆಮೇಲೆ ಜೋಡಿಸಿ. ಸಬ್‌ಕ್ವೆರಿಯಲ್ಲಿ ಎರಡೂ ಕಡೆ ಕ್ಷೇತ್ರಕ್ಕೊಂದೇ ಸಾಲು ಉಳಿಸಿಕೊಂಡು ಜಾಯಿನ್ ಮಾಡಿ. ಇಲ್ಲವೇ ಅಭ್ಯರ್ಥಿಗಳ ಟೇಬಲ್‌ನಲ್ಲೇ 'ಓವರ್ ಪಾರ್ಟಿಷನ್ ಬೈ' ಬಳಸಿ ಕ್ಷೇತ್ರವಾರು ಒಟ್ಟು ತೆಗೆಯಿರಿ.

ಕೊನೆಗೆ ಇಬ್ಬರ ಪಾಲನ್ನೂ ಕೂಡಿ ನೋಡಿ. 100 ಬರಬೇಕು. 50 ಬಂದರೆ ಛೇದ ಡಬಲ್ ಆಗಿದೆ.

ಎಲ್ಲೆಡೆ ಸೊನ್ನೆ

ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್‌ನಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಬಿದ್ದುಹೋಗುತ್ತೆ. ಭಾಗಿಸುವ ಮೊದಲೇ 100.0ರಿಂದ ಗುಣಿಸಿ. ಮೈಎಸ್‌ಕ್ಯೂಎಲ್‌ನಲ್ಲಿ ಈ ತೊಂದರೆ ಇಲ್ಲ.

ಜೋಡಿಸುವ ಕೊಂಡಿ

ಹೆಸರು ನಂಬಬೇಡಿ. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಆಯ್ತು. ಒಂದು ಟೇಬಲ್‌ನಲ್ಲಿ ಹಳೇ ಹೆಸರು, ಇನ್ನೊಂದರಲ್ಲಿ ಹೊಸದು ಇದ್ದರೆ ಇನ್ನರ್ ಜಾಯಿನ್ ನಾಲ್ಕೂ ಕ್ಷೇತ್ರಗಳನ್ನು ಸದ್ದಿಲ್ಲದೆ ಕೈಬಿಡುತ್ತೆ. ಕ್ಷೇತ್ರಸಂಖ್ಯೆಯಿಂದ ಜೋಡಿಸಿ.

ಸಂಖ್ಯೆಯೊಂದೇ ಸಾಲದು. ಚನ್ನಪಟ್ಟಣದಲ್ಲಿ 2024ರ ನವೆಂಬರ್‌ನಲ್ಲಿ ಉಪಚುನಾವಣೆಯೂ ನಡೆದಿದೆ. 185ರ ಜೊತೆ ವರ್ಷವನ್ನೂ ಸೇರಿಸದಿದ್ದರೆ ಎರಡು ಚುನಾವಣೆಗಳ ಮತ ಕಲಸುತ್ತೆ. ಆಗ 2023ರಲ್ಲಿ ಸೋತು 2024ರಲ್ಲಿ ಗೆದ್ದ ಸಿ.ಪಿ. ಯೋಗೇಶ್ವರ್ ಯಾವ ಪಾಲು ಯಾವ ಸಲದ್ದು ಅನ್ನೋದೇ ತಿಳಿಯಲ್ಲ.