ಕೋಟೆ, ಬಂದೂಕು ಮತ್ತು ಆಟ: ನರಗುಂದ ಸೀಮೆಯ ಚರಿತ್ರೆಯ ಬೆಳಕಿನಲ್ಲಿ ಹಳೆಯ ಶೈಲಿಯ ಕಂಪ್ಯೂಟರ್ ಯುದ್ಧಾಟಗಳು

ಯುದ್ಧವನ್ನು ಆಟವಾಗಿಸಿಕೊಳ್ಳುವುದು ಮಾನವ ಸಮಾಜದ ಪುರಾತನ ಪ್ರವೃತ್ತಿ. ಆನೆ, ಕುದುರೆ, ರಥ, ಕಾಲಾಳುಗಳ ಚತುರಂಗ ಸೈನ್ಯವು ಚದುರಂಗದ ಹಾಸಿಗೆ ಇಳಿದುದು, ಕುರುಕ್ಷೇತ್ರದ ಕಾಳಗವು ಉತ್ತರ ಕರ್ನಾಟಕದ ದೊಡ್ಡಾಟದ ಅಟ್ಟವನ್ನೇರಿದುದು ಇದಕ್ಕೆ ನಿದರ್ಶನಗಳು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಇದೇ ಪ್ರವೃತ್ತಿ ಕಂಪ್ಯೂಟರಿನ ತೆರೆಯನ್ನು ಆಶ್ರಯಿಸಿತು. ಆಟಗಾರನ ಕಣ್ಣೇ ಯೋಧನ ಕಣ್ಣಾಗಿ, ತೆರೆಯ ಕೆಳ ಅಂಚಿನಲ್ಲಿ ಕೈ ಮತ್ತು ಬಂದೂಕು ಮಾತ್ರ ಕಾಣುವ ಈ ಪ್ರಕಾರಕ್ಕೆ ‘ಫಸ್ಟ್ ಪರ್ಸನ್ ಶೂಟರ್’ ಎಂಬ ಹೆಸರಿದೆ. ಇದರ 1990ರ ದಶಕದ ಮಾದರಿ ಎರಡು ದಶಕಗಳ ಅನಂತರ ಮರುಹುಟ್ಟು ಪಡೆದಿದೆ. ಅದರ ಆಕರ್ಷಣೆಯ ಕಾರಣಗಳನ್ನು ಗುರುತಿಸಿ, ಕೋಟೆ ಬಂದೂಕುಗಳ ನೈಜ ಚರಿತ್ರೆಯನ್ನು ಕಂಡ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಅನುಭವದೊಡನೆ ಅವನ್ನು ಹೋಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಆಟಗಳ ಪರಂಪರೆ ಆರಂಭವಾದದ್ದೇ ಒಂದು ಕೋಟೆಯಿಂದ. ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ 1992ರ ಮೇ ತಿಂಗಳಲ್ಲಿ ಹೊರತಂದ ‘ವುಲ್ಫನ್‌ಸ್ಟೈನ್ ತ್ರೀಡಿ’ ಆಟದಲ್ಲಿ ಆಟಗಾರನು ನಾಜಿಗಳ ಕೋಟೆಯಲ್ಲಿ ಸೆರೆಸಿಕ್ಕ ಯೋಧ. ಅಲ್ಲಿಂದ ತಪ್ಪಿಸಿಕೊಳ್ಳುವುದೇ ಅವನ ಮೊದಲ ಗುರಿ. 1993ರ ಡಿಸೆಂಬರ್‌ನಲ್ಲಿ ಅದೇ ಸಂಸ್ಥೆಯ ‘ಡೂಮ್’, 1996ರಲ್ಲಿ ‘ಕ್ವೇಕ್’ ಬಂದವು. ‘ಡೂಮ್’ ಆಟದ ಮೊದಲ ಕಂತನ್ನು ಉಚಿತವಾಗಿ ಹಂಚಲಾಯಿತು. 1997ರಲ್ಲಿ ಅದರ ಮೂಲ ಸಂಕೇತವನ್ನೇ ಸಾರ್ವಜನಿಕಗೊಳಿಸಲಾಯಿತು. ಇದರಿಂದ ಆಟಗಾರರೇ ಹೊಸ ಹೊಸ ಚಕ್ರವ್ಯೂಹಗಳನ್ನು ಕಟ್ಟುವ ರೂಢಿ ಬಲಗೊಂಡು ಇಂದಿಗೂ ಮುಂದುವರಿದಿದೆ.

2000ದ ದಶಕದಲ್ಲಿ ಈ ಪ್ರಕಾರದ ಸ್ವರೂಪ ಬದಲಾಯಿತು. ಚಲನಚಿತ್ರವನ್ನು ಹೋಲುವ ಕಥಾನಿರೂಪಣೆ, ಮರೆಯಲ್ಲಿ ಕ್ಷಣಕಾಲ ನಿಂತರೆ ತಾನೇ ಮಾಯುವ ಗಾಯ, ಎರಡೇ ಆಯುಧಗಳ ಮಿತಿ, ಹೆಜ್ಜೆಹೆಜ್ಜೆಗೂ ದಾರಿ ತೋರುವ ಸೂಚನೆಗಳು ಸಾಮಾನ್ಯವಾದವು. ಇದಕ್ಕೆ ಪ್ರತಿಕ್ರಿಯೆಯೆಂಬಂತೆ 2018ರಲ್ಲಿ ‘ಡಸ್ಕ್’, 2019ರಲ್ಲಿ ‘ಅಮಿಡ್ ಈವಿಲ್’ ಮತ್ತು ‘ಅಯಾನ್ ಫ್ಯೂರಿ’ ಮೊದಲಾದ ಆಟಗಳು ಬಂದವು. ಒರಟು ಚಿತ್ರಗಳು, ಅತಿವೇಗದ ಚಲನೆ, ಒಟ್ಟಿಗೆ ಹೊತ್ತೊಯ್ಯಬಹುದಾದ ಹಲವು ಆಯುಧಗಳು, ಬಣ್ಣದ ಬೀಗದ ಕೈಗಳನ್ನು ಹುಡುಕಿ ತೆರೆಯಬೇಕಾದ ಬಾಗಿಲುಗಳು, ಗುಪ್ತ ಕೋಣೆಗಳು ಇವುಗಳ ಲಕ್ಷಣ. ಈ ಒಲವನ್ನು ಕೇವಲ ಗತಸ್ಮರಣೆ ಎಂದು ವಿವರಿಸಲಾಗದು. 1993ರಲ್ಲಿ ಇನ್ನೂ ಹುಟ್ಟಿರದಿದ್ದವರೂ ಇವನ್ನು ಆಡುತ್ತಾರೆ. ನಿಯಮಗಳ ಸ್ಪಷ್ಟತೆ, ದಾರಿಯನ್ನು ತಾನೇ ಕಂಡುಕೊಳ್ಳುವ ಸ್ವಾತಂತ್ರ್ಯ, ಕೈಚಳಕಕ್ಕೆ ತಕ್ಷಣ ದೊರೆಯುವ ಪ್ರತಿಫಲ ಇವೇ ಅದರ ಮುಖ್ಯ ಕಾರಣಗಳು. ಇವೆಲ್ಲಕ್ಕೂ ಆಧಾರವಾದ ಇನ್ನೊಂದು ಸಂಗತಿಯಿದೆ: ಆಟ ಆರಂಭವಾಗುವಾಗಲೇ ಆಟಗಾರನ ಕೈಯಲ್ಲಿ ಆಯುಧವಿರುತ್ತದೆ. ‘ಡೂಮ್’ ಒಂದು ಪಿಸ್ತೂಲು ಮತ್ತು 50 ಗುಂಡುಗಳೊಡನೆ ತೊಡಗುತ್ತದೆ. ಅದು ಯಾರು ಕೊಟ್ಟದ್ದು, ಯಾರು ಕಸಿದುಕೊಳ್ಳಬಹುದು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಗದಗ ಜಿಲ್ಲೆಯ ಈ ಸೀಮೆಯ ಚರಿತ್ರೆಯಲ್ಲಾದರೋ ಆ ಪ್ರಶ್ನೆಯೇ ನಿರ್ಣಾಯಕವಾಗಿತ್ತು. ನರಗುಂದದ ಬೆಟ್ಟದ ಕೋಟೆಯೂ ಬಹುಕಾಲ ರೋಣ ತಾಲ್ಲೂಕಿಗೆ ಸೇರಿದ್ದ ಗಜೇಂದ್ರಗಡದ ಕೋಟೆಯೂ ಮರಾಠರು ಮತ್ತು ಮೈಸೂರಿನ ನಡುವಣ ಹೋರಾಟದಲ್ಲಿ ಆಯಕಟ್ಟಿನ ಸ್ಥಾನಗಳಾಗಿದ್ದವು. 1785ರಲ್ಲಿ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿ ನರಗುಂದವನ್ನು ವಶಪಡಿಸಿಕೊಂಡಿತು. ಅನಂತರದ ಯುದ್ಧವನ್ನು ಕೊನೆಗೊಳಿಸಿದ 1787ರ ಒಪ್ಪಂದ ಗಜೇಂದ್ರಗಡದ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಜಾರಿಗೆ ತಂದಾಗ ಈ ಸೀಮೆಯ ಜನರ ಬಂದೂಕುಗಳೂ ಅದರ ವ್ಯಾಪ್ತಿಗೆ ಬಂದವು. ನರಗುಂದದ ಒಡೆಯ ಬಾಬಾಸಾಹೇಬ ಎಂಬ ಭಾಸ್ಕರರಾವ್ ಭಾವೆಗೆ ದತ್ತು ಸ್ವೀಕಾರದ ಅನುಮತಿ ನಿರಾಕರಣೆಯಾಗಿತ್ತು. ಸಂಸ್ಥಾನದ ದೊಡ್ಡ ತೋಪುಗಳನ್ನು ಧಾರವಾಡಕ್ಕೆ ಕಳುಹಿಸಬೇಕೆಂಬ ಒತ್ತಾಯವೂ ಅದಕ್ಕೆ ಜೊತೆಗೂಡಿತು. 1858ರ ಮೇ ತಿಂಗಳ ಕೊನೆಯಲ್ಲಿ ಮುಂಡರಗಿ ಭೀಮರಾಯನ ಪಡೆ ಡಂಬಳದ ಖಜಾನೆಯನ್ನು ವಶಪಡಿಸಿಕೊಂಡಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಜೂನ್ 1ರಂದು ಕರ್ನಲ್ ಮಾಲ್ಕಮ್‌ನ ಸೈನ್ಯ ನರಗುಂದವನ್ನು ತಲುಪಿತು. ದಕ್ಷಿಣ ಮರಾಠಾ ಸೀಮೆಯ ಬಲಿಷ್ಠ ಕೋಟೆಗಳಲ್ಲೊಂದು ದೀರ್ಘ ಮುತ್ತಿಗೆಯಿಲ್ಲದೆ ಕೈಬಿಟ್ಟಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಮ್ಯಾನ್ಸನ್‌ನ ಹತ್ಯೆಯಿಂದ ಗಲ್ಲಿನವರೆಗೆ ಎರಡು ವಾರಗಳಷ್ಟೇ ಕಳೆದಿದ್ದವು.

ಆ ಕಾಲದ ಬಂದೂಕಿನ ಕಾಳಗಕ್ಕೆ ಜನರು ತಾವೇ ಕೊಟ್ಟುಕೊಂಡ ರೂಪವೆಂದರೆ ಲಾವಣಿ. ನರಗುಂದದ ಬಂಡಾಯಕ್ಕೆ ಆರು ತಿಂಗಳ ಹಿಂದೆ, 1857ರ ನವೆಂಬರ್‌ನಲ್ಲಿ, ಮುಧೋಳದ ಬಳಿಯ ಹಲಗಲಿಯಲ್ಲಿ ಬೇಡರು ಇದೇ ಕಾಯಿದೆಯನ್ನು ಧಿಕ್ಕರಿಸಿದರು. ಆ ಘಟನೆಯ ಲಾವಣಿಯನ್ನು ಜೆ.ಎಫ್. ಫ್ಲೀಟ್ ತಾನು ಸಂಗ್ರಹಿಸಿದ ಕನ್ನಡ ಲಾವಣಿಗಳೊಡನೆ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದನು. ಲಾವಣಿಕಾರನು ಕೊನೆಯಲ್ಲಿ ಕುರ್ತಕೋಟಿಯ ಕಲ್ಮೇಶನನ್ನು ಸ್ಮರಿಸುತ್ತಾನೆ. ಕುರ್ತಕೋಟಿ ಇರುವುದು ಗದಗ ತಾಲ್ಲೂಕಿನಲ್ಲಿ. ಹೀಗೆ ಹಲಗಲಿಯ ಕಾಳಗದ ಹಾಡಿಗೂ ಈ ಸೀಮೆಗೂ ನೇರ ಸಂಬಂಧವಿದೆ.

ರೂಪದ ದೃಷ್ಟಿಯಿಂದ ಲಾವಣಿಗೂ ಹಳೆಯ ಶೈಲಿಯ ಯುದ್ಧಾಟಕ್ಕೂ ಸಾಮ್ಯಗಳಿವೆ. ಎರಡರಲ್ಲೂ ವೇಗವೇ ಪ್ರಧಾನ, ವರ್ಣನೆ ಮಿತ, ವಿವರಣೆಗಿಂತ ಕ್ರಿಯೆಗೆ ಹೆಚ್ಚು ಬೆಲೆ. ಬಾಯಿಂದ ಬಾಯಿಗೆ ಹರಿದ ಲಾವಣಿಯನ್ನು ಪ್ರತಿಯೊಬ್ಬ ಹಾಡುಗಾರನೂ ತಿದ್ದಿ ಬೆಳೆಸಬಲ್ಲವನಾದಂತೆ, ‘ಡೂಮ್’ ಆಟವನ್ನು ಅದರ ಆಟಗಾರರು ಬೆಳೆಸಿದರು. ಹೊಸ ಸಾಧನಗಳು ಬಂದ ಮೇಲೂ ಹಳೆಯ ರೂಪಗಳು ಉಳಿಯಲು ಈ ಗುಣಗಳೇ ಕಾರಣ.

ಆದರೆ ವ್ಯತ್ಯಾಸ ಮೂಲಭೂತವಾದುದು. ಆಟವು ಕೈಯಲ್ಲಿರುವ ಬಂದೂಕಿನಿಂದ ತೊಡಗುತ್ತದೆ; ಲಾವಣಿಯ ಕಥೆ ಆಯುಧಗಳನ್ನು ಕಸಿದುಕೊಳ್ಳುವ ಆಜ್ಞೆಯಿಂದ ತೊಡಗುತ್ತದೆ. ಆಟಗಾರನು ಕೋಣೆಯಿಂದ ಕೋಣೆಗೆ ನುಗ್ಗಿ ಮದ್ದುಗುಂಡು, ಔಷಧಿಗಳನ್ನು ಆಯ್ದುಕೊಳ್ಳುತ್ತಾನೆ. ಅದು ಯಾರ ಮನೆಯೆಂದು ಆಟ ಕೇಳುವುದಿಲ್ಲ. ಲಾವಣಿಯಾದರೋ ಸೈನಿಕರು ಹಲಗಲಿಯ ಮನೆಗಳಿಂದ ದೋಚಿದ ಕೊಡಲಿ, ಕುಡಗಳನ್ನೂ ಹಾಲು, ಮೊಸರು, ಉಪ್ಪು, ಎಣ್ಣೆಗಳನ್ನೂ ಒಂದೊಂದಾಗಿ ಎಣಿಸುತ್ತದೆ. ಒಂದು ನುಗ್ಗುವವನ ಕಣ್ಣು. ಇನ್ನೊಂದು ಕಳೆದುಕೊಂಡವರ ಲೆಕ್ಕ. ಆಟದಲ್ಲಿ ಸತ್ತವನು ಮತ್ತೆ ಮೊದಲಿನಿಂದ ಹೊರಡಬಹುದು. ಹಲಗಲಿಯಲ್ಲಿ ಸೆರೆಸಿಕ್ಕವರ ಪೈಕಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು.

ಹಳೆಯ ಶೈಲಿಯ ಯುದ್ಧಾಟದ ಆಕರ್ಷಣೆಯನ್ನು ಇದರಿಂದ ಅಲ್ಲಗಳೆದಂತಾಗುವುದಿಲ್ಲ. ಆಯುಧದ ಒಡೆತನ ಪ್ರಶ್ನಾತೀತವಾಗಿರುವ, ಸೋಲು ತಾತ್ಕಾಲಿಕವಾಗಿರುವ ಲೋಕದಲ್ಲಿ ಕ್ಷಣಕಾಲ ಓಡಾಡುವುದೇ ಆ ಆಕರ್ಷಣೆಯ ತಿರುಳು. ಅಂತಹ ಲೋಕ ಚರಿತ್ರೆಯಲ್ಲಿ ಎಂದೂ ಇರಲಿಲ್ಲವೆಂಬುದಕ್ಕೆ ನರಗುಂದದ ಬೆಟ್ಟ ಸಾಕ್ಷಿಯಾಗಿದೆ. ಆಟದ ಉಪಕರಣಗಳು ಇಂದು ಮುಕ್ತವಾಗಿ ದೊರೆಯುತ್ತಿರುವುದರಿಂದ ನರಗುಂದ, ಗಜೇಂದ್ರಗಡಗಳ ಕೋಟೆಗಳೂ ಮುಂದೊಂದು ದಿನ ತೆರೆಯ ಮೇಲೆ ಚಕ್ರವ್ಯೂಹಗಳಾಗಿ ಮೂಡಬಹುದು. ಆಗ ಬುರುಜು ಬಾಗಿಲುಗಳ ಅಳತೆಗಿಂತ ಮೊದಲು ಅಲ್ಲಿಗೆ ಬರಬೇಕಾದದ್ದು, ತೋಪುಗಳನ್ನು ಒಪ್ಪಿಸೆಂದ ಆ ಆಜ್ಞೆ.